ಕೈ ಬೀಸಿ ಕರೆದ ವಿಮಾನ

ಬಿದ್ದದ್ದು ವಿಮಾನ, ಮುರಿದದ್ದು ನನ್ನ ಅಕ್ಕನ ಬಲಗೈ. ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದ ಆ ಕೈ ಈಗ ಕತ್ತರಿ ಹಿಡಿಯಲಾರದು.

ಅಕ್ಕನ ಊರು ಹೊಸದುರ್ಗದ ಕಡೆಯ ಗುಡ್ಡಗಳ ಬುಡದಲ್ಲಿದೆ. ಗುಡ್ಡದಾಚೆ, ಬೇರೆ ಊರಿನ ಖಾಸಗಿ ವಿಮಾನ ತರಬೇತಿ ಶಾಲೆಯೊಂದು ಸಣ್ಣ ರನ್‌ವೇ ಮಾಡಿಕೊಂಡಿದೆ. ಅದರ ವಿಮಾನಗಳು ಬೆಳಗಿನ ತಂಪಿನಲ್ಲಿ, ದೂರದ ಮಗ್ಗುಲಿನಿಂದ ಬಂದಿಳಿಯುತ್ತಿದ್ದವು. ನಾನು ಅಕ್ಕನ ಮನೆಯಲ್ಲಿದ್ದ ಆ ಮಧ್ಯಾಹ್ನ ಮಾತ್ರ ನಮ್ಮ ನೆತ್ತಿಯ ಮೇಲೆಯೇ ಸದ್ದು ಕೇಳಿಸಿತು. ತಿಂಗಳುಗಟ್ಟಲೆ ಮಳೆ ಕಾಣದಿದ್ದ ಊರಿನ ಆಕಾಶದಲ್ಲಿ ಮೋಡ ಕಟ್ಟಿತ್ತು. ಯಾರೋ ಕೂಗಿದರು:

"ಮೋಡ ಬಿತ್ತನೆ ವಿಮಾನ ಬಂತ್ರೋ!"

ಊರಿಗೆ ಊರೇ ಬೀಳು ಹೊಲಕ್ಕೆ ನುಗ್ಗಿತು. ನಾನೂ ಓಡಿದೆ. ಆ ಕ್ಷಣದ ಸಂಭ್ರಮ ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ! ಟವೆಲು, ಸೆರಗು, ಕೈಗೆ ಸಿಕ್ಕಿದ್ದನ್ನೆಲ್ಲ ಬೀಸಿ ಬೀಸಿ ಕರೆದೆವು. ಹೊಲಿಯುತ್ತಿದ್ದ ಕೆಂಪು ಬಟ್ಟೆಯನ್ನೇ ಹಿಡಿದು ಬಂದಿದ್ದ ಅಕ್ಕ ಅದನ್ನು ತಲೆಯ ಮೇಲೆ ತಿರುಗಿಸುತ್ತ ಕಿರುಚಿದಳು: "ಇಲ್ಲೇ ಸುರಿಯಪ್ಪೋ! ಆಚೆ ಊರಿಗೆ ಹೋಗಬ್ಯಾಡ!"

"ಲೇ, ನಿನ್ನ ಕೂಗು ಕೇಳಿದ್ರೆ ಬಂದಿರೋ ಮೋಡನೂ ಓಡೋಗ್ತದೆ!" ಎಂದು ಭಾವ ನಕ್ಕರು.

ಗುಡ್ಡ ದಾಟಿದ ಗಾಳಿ ಆ ಹೊತ್ತಿನಲ್ಲಿ ಈಚೆಯ ಇಳಿಜಾರಿಗೆ ಧುಮುಕುತ್ತದೆ. ವಿಮಾನ ಅದಕ್ಕೆ ಸಿಕ್ಕಿ ಕುಸಿಯಿತು, ನಾವು ನಿಂತಿದ್ದ ಹೊಲದತ್ತಲೇ ಬಂತು, ಕೊನೆಯ ಗಳಿಗೆಯಲ್ಲಿ ಒಮ್ಮೆಲೇ ಓರೆಯಾಗಿ ತೆಂಗಿನ ಮರಕ್ಕೆ ಬಡಿಯಿತು. ಹಾರಿಬಂದ ರೆಕ್ಕೆಯ ತುಂಡು ಅಕ್ಕನ ಮೊಣಕೈ ಮೇಲೆ ಬಿತ್ತು.

ಒಳಗಿನಿಂದ ತೆವಳಿ ಬಂದವಳು ಕಾಲೇಜು ವಯಸ್ಸಿನ ಹುಡುಗಿ. ಅಳುತ್ತ ಒಂದೇ ಮಾತು ಹೇಳಿದಳು: "ನೀವೆಲ್ಲ ಕೈ ಬೀಸಿದ್ರಲ್ಲ, ಇಳಿಬೇಡ ಅಂತಿದೀರ ಅಂದ್ಕೊಂಡು ಪಕ್ಕಕ್ಕೆ ತಿರುಗಿಸಿದೆ."

ನೆಲದಲ್ಲಿ ಕುಸಿದಿದ್ದ ಅಕ್ಕ ನೋವಿನಲ್ಲೂ ತಲೆಯೆತ್ತಿದಳು. "ಅಯ್ಯೋ, ಕರೆದಿದ್ದು ಕಣವ್ವ ನಾವು!"

ಆಕೆ ಆ ಶಾಲೆಯ ವಿದ್ಯಾರ್ಥಿನಿ; ಗುಡ್ಡದಾಚೆಯ ಆ ರನ್‌ವೇಗೆ ಬರುತ್ತಿದ್ದುದು ಅದೇ ಮೊದಲು, ಅದೂ ಒಬ್ಬಳೇ. ಮಧ್ಯಾಹ್ನದ ಗಾಳಿಯ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ.

ಚಿತ್ರದುರ್ಗದ ಆಸ್ಪತ್ರೆಗೆ ಬಂದ ಶಾಲೆಯ ವ್ಯವಸ್ಥಾಪಕರು ಹಣ್ಣಿನ ಚೀಲವನ್ನು ಮಂಚದ ಮೇಲಿಟ್ಟು, "ನೀವು ಗುಂಪು ಸೇರದಿದ್ರೆ ಹುಡುಗಿ ಸಲೀಸಾಗಿ ಇಳೀತಿದ್ಲು," ಎಂದರು.

ಅಕ್ಕ ಹಣ್ಣು ಮುಟ್ಟಲಿಲ್ಲ. "ಮೋಡ ಐತೆ ಅಂತ ಓಡಿದ್ವಿ ಸ್ವಾಮಿ, ನಮ್ದು ತಪ್ಪು ಅನ್ರಿ. ಗಾಳಿ ಐತೆ ಅಂತ ಆ ಕೂಸಿಗೆ ಹೇಳೋದು ಯಾರ ಕೆಲಸ ಆಗಿತ್ತು?"

ಅದಕ್ಕೆ ಉತ್ತರ ನಾನು ಹೇಳುತ್ತೇನೆ. ಗುಡ್ಡದ ಗಾಳಿಯನ್ನೇ ಅರಿಯದವಳನ್ನು ಒಂಟಿಯಾಗಿ ಕಳಿಸಿದ್ದು ತಪ್ಪು. ಗಾಳಿ ಏಳುವ ಹೊತ್ತಿನಲ್ಲಿ ಕಳಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ದಾರಿಯ ಕೆಳಗೆ ಊರುಗಳಿವೆ ಎಂಬುದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದೆ, ಒಂದು ಸಲವೂ ಬಂದು ಮಾತನಾಡದೆ ಹಾರಾಟ ನಡೆಸಿದ್ದು ತಪ್ಪು. ಕೊನೆಗೆ ಹೊಣೆಯನ್ನು ಗಾಯಗೊಂಡವಳ ತಲೆಗೇ ಕಟ್ಟಿದ್ದು ತಪ್ಪಲ್ಲ, ಅನ್ಯಾಯ.

ಶಾಲೆ ನಡೆಸುವವರೇ, ಅದಕ್ಕೆ ಪರವಾನಗಿ ಕೊಟ್ಟವರೇ: ಇದೇ ಗುಡ್ಡದ ಮೇಲೆ, ಇದೇ ಮಧ್ಯಾಹ್ನದ ಗಾಳಿಯಲ್ಲಿ, ಅನುಭವಿ ಶಿಕ್ಷಕರು ಪಕ್ಕದಲ್ಲಿ ಕುಳಿತು ಇಳಿಸಿ ಕಲಿಸುವವರೆಗೆ ಯಾವ ವಿದ್ಯಾರ್ಥಿಯನ್ನೂ ಇಲ್ಲಿಗೆ ಒಂಟಿಯಾಗಿ ಕಳಿಸಕೂಡದು. ಈ ಆಜ್ಞೆಯನ್ನು ಮುಂದಿನ ಹಾರಾಟಕ್ಕೆ ಮೊದಲೇ ಹೊರಡಿಸಿ. ನನ್ನ ಅಕ್ಕನ ಮುಂದೆ ನಿಂತು ಓದಿ ಹೇಳಿ.