ಕೋಡಿಂಬಾಳದಲ್ಲಿ ಹಾರದೆ ಉಳಿದ ಡ್ರೋನ್

ಕಡಬಕ್ಕೆ ಹೊರಟಿದ್ದ ನನ್ನನ್ನು ಹತ್ತಿಸಿಕೊಂಡ ಪಿಕಪ್ ಕೋಡಿಂಬಾಳದ ತೋಟವೊಂದರ ಬದಿಯಲ್ಲಿ ನಿಂತಿತು. ಅದನ್ನು ಓಡಿಸುತ್ತಿದ್ದ ನಮಿತಾ, ಅಡಿಕೆಗೆ ಮದ್ದು ಬಿಡುವ ಡ್ರೋನನ್ನು ಗಾಡಿಯಿಂದ ಕೆಳಗಿಳಿಸಿದವರು ಮೊಬೈಲ್ ನೋಡಿ ಅದನ್ನು ಹಾರಿಸದೆ ಕೂತುಬಿಟ್ಟರು. ಸೌರ ಬಿರುಗಾಳಿಯ ಎಚ್ಚರಿಕೆ ಬಂದಿತ್ತು.

ಸಂಜೆಯ ಮಳೆಗೆ ಮೊದಲು ಕೆಲಸ ಮುಗಿಯಬೇಕೆಂದು ತೋಟದ ಯಜಮಾನರಿಗೆ ಚಡಪಡಿಕೆ. “ಆ ಬಿರುಗಾಳಿಗೆ ಧ್ರುವದ ಹತ್ರ ಆಕಾಶ ಬಣ್ಣ ಆಗುದು, ಟಿವಿಯಲ್ಲಿ ನೋಡಿದ್ದೇನೆ. ನಮಗೆ ಎಂತ ಮಾರಾಯ್ತಿ?”

“ಸೂರ್ಯನಿಂದ ಬರುವ ಕಣಗಳನ್ನು ಭೂಮಿಯ ಅಯಸ್ಕಾಂತ ಎರಡು ತುದಿಗೆ ತಿರುಗಿಸ್ತದೆ ಅಣ್ಣ. ಅಲ್ಲಿನ ಗಾಳಿಗೆ ಬಡಿದು ಬೆಳಕಾಗ್ತದೆ. ನಮ್ಮಲ್ಲಿ ಬಣ್ಣ ಇಲ್ಲ, ಆದ್ರೆ ಉಪಗ್ರಹದ ಸಿಗ್ನಲ್ ಕೆಟ್ಟು ಡ್ರೋನಿನ ಜಿಪಿಎಸ್ ದಾರಿ ತಪ್ಪುದುಂಟು. ಕಳೆದ ಸಲ ಇಂಥದ್ದೇ ಬಿರುಗಾಳಿ ಬಂದಾಗ ಐವರ್ನಾಡಿನಲ್ಲಿ ಇದೇ ಡ್ರೋನ್ ಮದ್ದು ಬಿಡ್ತಾ ಬೇಲಿ ದಾಟಿ ಹೋಗಿತ್ತು.”

ಇಲ್ಲಿ ಬೇಲಿಯಾಚೆ ಅಂಗನವಾಡಿ. ಮಕ್ಕಳು ಅಂಗಳದಲ್ಲೇ ಊಟಕ್ಕೆ ಕೂತಿದ್ದರು. ಅವರ ದನಿ ನಮಗೆ ಕೇಳುತ್ತಿತ್ತು.

ಯಜಮಾನರು ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ನಾನೂ ನೋಡಿದೆ. ಆಕಾಶ ತಿಳಿನೀಲಿಯಾಗಿತ್ತು.

“ಎಂತದೂ ಕಾಣುದಿಲ್ಲ ಅಲ್ವಾ,” ಎಂದರು.

ನಮಿತಾ ಡ್ರೋನಿನ ಬ್ಯಾಟರಿ ಕಳಚಿದರು. “ಕಾಣ್ತಿದ್ರೆ ನಾನು ಇಷ್ಟು ಹೆದರ್ತಿರಲಿಲ್ಲ.”