ಪಂಕಜಾ ಬರೆದುಕೊಂಡ ಫೆಲಿ ಆಂಟಿಯ ಕಾದಂಬರಿ

ರಾಣೆಬೆನ್ನೂರಿನ ಸಿವಿಲ್ ಕೋರ್ಟಿನಲ್ಲಿ ಪಂಕಜಾ ಆರು ವರ್ಷ ಸ್ಟೆನೋ ಆಗಿದ್ದಳು. ಕನ್ನಡ ಶೀಘ್ರಲಿಪಿಯಲ್ಲಿ ಅವಳ ಕೈ ಎಷ್ಟು ಚುರುಕೆಂದರೆ, ಎಷ್ಟೇ ಅವಸರದಲ್ಲಿ ಹೇಳಿ ಬರೆಸುವ ನ್ಯಾಯಾಧೀಶರಿಗೂ ಎರಡನೇ ಸಲ ಹೇಳುವ ಪ್ರಸಂಗ ಬರುತ್ತಿರಲಿಲ್ಲ. 2008ರಲ್ಲಿ ಜಯದೇವನನ್ನು ಮದುವೆಯಾಗಿ ಸ್ಯಾನ್ ಡಿಯಾಗೊಗೆ ಬಂದಳು. ಜಯದೇವನಿಗೆ ಸೊರೆಂಟೊ ವ್ಯಾಲಿಯಲ್ಲಿ ಮೊಬೈಲ್ ಚಿಪ್‌ಗಳನ್ನು ಟೆಸ್ಟ್ ಮಾಡುವ ಕೆಲಸ. ಇವಳದು ಡಿಪೆಂಡೆಂಟ್ ವೀಸಾ. ಕೆಲಸಕ್ಕೆ ಸೇರುವಂತಿರಲಿಲ್ಲ. ಮೊದಲ ವರ್ಷ ಟಿವಿಯಲ್ಲಿ ಹವಾಮಾನ ವರದಿ ಹೇಳುವವರ ಮಾತನ್ನು ಹಳೆಯ ಲಕೋಟೆಗಳ ಹಿಂದೆ ಗೀಚುತ್ತ ಕೂರುತ್ತಿದ್ದಳಂತೆ. ಕೈ ಮರೆಯಬಾರದಲ್ಲ.

ಅವರಿದ್ದದ್ದು ಮೀರಾ ಮೆಸಾದ ಒಂದು ಅಪಾರ್ಟ್‌ಮೆಂಟಿನಲ್ಲಿ. ಹತ್ತಿರದಲ್ಲೇ ಫಿಲಿಪೀನ್ಸ್‌ನವರ ದೊಡ್ಡ ಅಂಗಡಿ. ನುಗ್ಗೆಸೊಪ್ಪು ಬೇಕೆಂದರೆ ಇಲ್ಲಿನ ಕನ್ನಡಿಗರೆಲ್ಲ ಹೋಗುವುದು ಅಲ್ಲಿಗೇ. 2009ರ ಮಾರ್ಚಿನಲ್ಲಿ ಪಂಕಜಾ ಸೊಪ್ಪು ಆರಿಸುತ್ತಿದ್ದಾಗ ಒಬ್ಬ ಮುದುಕಿ ಒಂದು ಪೊಟ್ಟಣವನ್ನು ಕಣ್ಣಿನ ಪಕ್ಕಕ್ಕೆ ಹಿಡಿದು, ಕತ್ತು ಓರೆ ಮಾಡಿ ನೋಡುತ್ತಿದ್ದರು. ತಾರೀಖು ಓದಿಕೊಡು ಅಂದರು. ಪಂಕಜಾ ಓದಿದಳು. ಮಾತಾಡಿದಾಗ ಗೊತ್ತಾಯಿತು, ಇಬ್ಬರದೂ ಒಂದೇ ಅಪಾರ್ಟ್‌ಮೆಂಟ್, ಒಂದೇ ಮೆಟ್ಟಿಲು.

ಹೆಸರು ಫೆಲಿಸಿದಾದ್ ತೊಲೆಂತಿನೋ. ವಯಸ್ಸು ಎಪ್ಪತ್ತಾರು. ನರ್ಸ್ ಆಗಿರುವ ಮಗಳು ಲಿಂಡಾಳ ಜೊತೆ ಇದ್ದರು. ಕಣ್ಣಿನ ನಡುಭಾಗ ಸವೆದು, ನೇರ ನೋಡಿದ್ದೇ ಕಾಣದು, ಅಂಚು ಮಾತ್ರ ಕಾಣುತ್ತದೆ ಎಂಬ ಸ್ಥಿತಿ. ಪಂಕಜಾ ಅವರನ್ನು ಫೆಲಿ ಆಂಟಿ ಎಂದು ಕರೆಯತೊಡಗಿದಳು. ಇಬ್ಬರೂ ಆಡುತ್ತಿದ್ದುದು ಇಂಗ್ಲಿಷಿನಲ್ಲಿ, ಆದರೆ ಪಂಕಜಾ ನನಗೆ ಹೇಳುವಾಗ ಎಲ್ಲವನ್ನೂ ರಾಣೆಬೆನ್ನೂರಿನ ಮಾತಿಗೆ ಇಳಿಸಿಯೇ ಹೇಳುತ್ತಾಳೆ. ಹಾಗಾಗಿ ಇಲ್ಲಿ ಫೆಲಿ ಆಂಟಿಯೂ ಆ ಕಡೆಯ ಕನ್ನಡವನ್ನೇ ಆಡುತ್ತಾರೆ.

ಅವರು ಯಾರೆಂದು ತಿಳಿದದ್ದು ಅದೇ ಅಂಗಡಿಯಲ್ಲಿ. ಒಂದು ಶನಿವಾರ ಇಬ್ಬರೂ ಒಟ್ಟಿಗೆ ಹೋಗಿದ್ದರು. ಮೀನು ಕತ್ತರಿಸುತ್ತಿದ್ದ ಐವತ್ತರ ಗಂಡಸು ಇವರ ಹೆಸರು ಕೇಳಿದವನೇ ಕತ್ತಿ ಕೆಳಗಿಟ್ಟ. ಏಪ್ರನ್‌ಗೆ ಕೈ ಒರೆಸಿಕೊಂಡು ಹೊರಗೆ ಬಂದು, ಯಾವುದೋ ಸಿನಿಮಾದ ಮಾತೊಂದನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿ, ಮುದುಕಿಯ ಕೈಯನ್ನು ಹಣೆಗೆ ಒತ್ತಿಕೊಂಡ. ಸುತ್ತ ನಾಲ್ಕೈದು ಹೆಂಗಸರು ನೆರೆದರು.

"ಆಂಟಿ, ನೀವು ಯಾರ್ರಿ?" ಎಂದು ದಾರಿಯಲ್ಲಿ ಪಂಕಜಾ ಕೇಳಿದಳು.

"ನಲವತ್ತು ಸಿನಿಮಾಕ್ಕ ಕಥಿ, ಮಾತು ಬರದೀನಿ. ವಾರಪತ್ರಿಕೆಗೆ ಐದು ಧಾರಾವಾಹಿ ಕಾದಂಬರಿ. ಎಲ್ಲಾ ಅಲ್ಲಿ, ಮನಿಲಾದಾಗ. ಇಲ್ಲಿ ನಾನು ಬರೇ ಲಿಂಡಾನ ಅವ್ವ."

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಉಳಿದದ್ದು ಹೊರಬಂತು. ಅವರ ಅಪ್ಪ ಅಚ್ಚುಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದರು. ಮಗಳು ಅಲ್ಲೇ ಕರಡು ತಿದ್ದುವ ಕೆಲಸಕ್ಕೆ ಸೇರಿದಳು. ಒಮ್ಮೆ ಧಾರಾವಾಹಿ ಬರೆಯುವವನು ಕಾಯಿಲೆ ಬಿದ್ದು ಆ ವಾರದ ಕಂತು ಬರಲಿಲ್ಲ. ಇಪ್ಪತ್ತೆರಡರ ಹುಡುಗಿ ಕೂತು ಬರೆದುಬಿಟ್ಟಳು. ಓದುಗರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ, ಅಥವಾ ಗೊತ್ತಾಗಿ ಇದೇ ಚೆನ್ನಾಗಿದೆ ಅನ್ನಿಸಿತು. ಅಲ್ಲಿಂದ ಸಿನಿಮಾ. ಮಿಲಿಟರಿ ಆಡಳಿತದ ಕಾಲದಲ್ಲಿ ಅವರ ಹಾಳೆಗಳು ಮೊದಲು ಸರ್ಕಾರದ ಮೇಜಿಗೆ ಹೋಗಿ, ಕೆಂಪು ಗೀಟು ಹೊತ್ತು ವಾಪಸಾಗುತ್ತಿದ್ದವು. ಸೆನ್ಸಾರಿಗಿಂತ ಹೆಚ್ಚು ಕಾಡಿದವರು ನಿರ್ಮಾಪಕರು. ಯಾವ ಕಥೆ ಬರೆದರೂ, ಕೊನೆಯ ರೀಲಿನಲ್ಲಿ ಕಳೆದುಹೋದವರು ಓಡಿಬಂದು ಅಪ್ಪಿಕೊಳ್ಳಲೇಬೇಕು. ಗಂಡ ತೀರಿಕೊಂಡ ಮೇಲೆ, 1996ರಲ್ಲಿ, ಮಗಳು ಇಲ್ಲಿಗೆ ಕರೆಸಿಕೊಂಡಳು. ತಮಗಾಗಿಯೇ ಒಂದು ಕಾದಂಬರಿ ಬರೆಯಬೇಕೆಂದು ಕೂತಾಗ ಕಣ್ಣು ಕೈಕೊಟ್ಟಿತು.

"ಟೇಪಿಗೆ ಹೇಳಿ ನೋಡಿದೆ. ಮಷೀನಿನ ಮುಂದ ಕಥಿ ಬರೂದಿಲ್ಲ. ಎದುರಿಗೆ ಒಂದ್ ಮುಖ ಬೇಕು," ಅಂದರು ಫೆಲಿ ಆಂಟಿ.

"ನಾ ಬರ್ಕೊಳ್ಳೇನ್ರಿ?"

"ನಿಂಗ ನಮ್ಮ ತಗಲಾಗ್ ಭಾಷಾ ಬರೂದಿಲ್ಲಲ್ಲ."

"ಬರೂದಿಲ್ರಿ. ಕಿವಿ ಅದಾವಲ್ಲ."

ಮರುದಿನವೇ ಕೂತರು. ಶೀಘ್ರಲಿಪಿ ಹತ್ತು ನಿಮಿಷದಲ್ಲೇ ಸೋತಿತು. ಅದರಲ್ಲಿ ಸ್ವರಗಳನ್ನು ಬಿಟ್ಟು ಬರೆದು, ಅರ್ಥದ ಮೇಲೆ ಊಹಿಸಿ ಓದಬೇಕು. ಅರ್ಥವೇ ಗೊತ್ತಿಲ್ಲದ ಮೇಲೆ ಊಹಿಸುವುದೇನು? ಪಂಕಜಾ ಪೆನ್ಸಿಲ್ ಚೂಪು ಮಾಡಿಕೊಂಡು, ಕೇಳಿದ್ದನ್ನು ಕೇಳಿದ ಹಾಗೆ ಪೂರ್ತಿ ಕನ್ನಡ ಅಕ್ಷರಗಳಲ್ಲಿ ಬರೆಯತೊಡಗಿದಳು. ಮೊದಲ ವಾಕ್ಯ ಹೀಗಿತ್ತು: ಙಯೋನ್ ಲಙ್ ಙುಮಿತಿ ಅಙ್ ದಾಗತ್. ಸಮುದ್ರ ಈಗಷ್ಟೇ ನಕ್ಕಿತು ಎಂದು ಅರ್ಥವಂತೆ. ಒಂದನೇ ಕ್ಲಾಸಿನಲ್ಲಿ ಉರು ಹೊಡೆದ ಮೇಲೆ ಜನ್ಮದಲ್ಲಿ ಮತ್ತೆ ಬರೆಯದ ಙ ಅಕ್ಷರ ಒಂದೇ ಸಾಲಿನಲ್ಲಿ ನಾಲ್ಕು ಸಲ. ಪಂಕಜಾಗೆ ನಗು ತಡೆಯಲಾಗಲಿಲ್ಲ. ಪುಟ ತುಂಬಿದ ಮೇಲೆ ಗಟ್ಟಿಯಾಗಿ ಓದಿದಳು. ಫೆಲಿ ಆಂಟಿ ಕೊನೆಯವರೆಗೂ ಕೇಳಿಸಿಕೊಂಡರು. ತಮ್ಮದೇ ಬರವಣಿಗೆ ಅವರ ಕಿವಿಗೆ ಬಿದ್ದು ಆಗಲೇ ಮೂರು ವರ್ಷವಾಗಿತ್ತು.

ಸಂಜೆ ಜಯದೇವ ನೋಟ್‌ಬುಕ್ ತಿರುವಿ ನೋಡಿದ.

"ಏನಿದು? ಒಂದಕ್ಷರ ತಿಳೀವಲ್ದು."

"ನಂಗೂ ತಿಳೀವಲ್ದ್ರಿ. ಆದ್ರ ಖರೇ ಐತಿ," ಅಂದಳು ಪಂಕಜಾ.

ಟೈಪ್ ಮಾಡುವ ಹೊಣೆ ಮೊಮ್ಮಗಳು ಮಾರಿಸೋಲಳದು. ಅವಳು ಲಾಸ್ ಏಂಜಲೀಸಿನ ನಾರ್ತ್‌ರಿಜ್‌ನಲ್ಲಿ ಓದುತ್ತಿದ್ದಳು. ಅಜ್ಜಿಯ ಭಾಷೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ತಿಂಗಳಿಗೊಮ್ಮೆ ಬಂದಾಗ ಪಂಕಜಾ ಓದುವುದು, ಅವಳು ಲ್ಯಾಪ್‌ಟಾಪಿನಲ್ಲಿ ಒತ್ತುವುದು. ಮೊದಲ ದಿನವೇ ಮಾರಿಸೋಲ್ ಬೆರಳು ನಿಲ್ಲಿಸಿ ನಗತೊಡಗಿದಳು. ಪಂಕಜಾ ಓದಿದ ಪ್ರಕಾರ, ಕಾದಂಬರಿಯ ನಾಯಕಿಯಾದ ಸೂಲಗಿತ್ತಿಯ ತೊಡೆಯ ಮೇಲೆ ಒಂದು ನಿಲುವಂಗಿ ಹಾಲಿಗಾಗಿ ಅಳುತ್ತಿತ್ತು. ಬಾತಾ ಎಂದರೆ ನಿಲುವಂಗಿ. ಕೊನೆಯಲ್ಲಿ ಗಂಟಲು ಹಿಡಿದು ಗಕ್ಕನೆ ನಿಲ್ಲಿಸಿದರೆ ಮಗು. ಆ ನಿಲುಗಡೆಗೆ ನಮ್ಮಲ್ಲಿ ಅಕ್ಷರವಿಲ್ಲ. ಪಂಕಜಾ ಯೋಚಿಸಿ, ಅಂಥಲ್ಲೆಲ್ಲ ವಿಸರ್ಗದ ಎರಡು ಚುಕ್ಕೆ ಇಡಲು ನಿರ್ಧರಿಸಿದಳು. ಆದರೆ ಬರೆದಾಗಿದ್ದ ಮೂರು ನೋಟ್‌ಬುಕ್ಕಿಗೆ ಏನು ಮಾಡುವುದು? ಫೆಲಿ ಆಂಟಿ ಎಲ್ಲವನ್ನೂ ಇನ್ನೊಮ್ಮೆ ಹೇಳಿದರು. ಎರಡನೇ ಸಲ ಹೇಳುವಾಗ ಕಥೆ ಅಲ್ಲಲ್ಲಿ ಬದಲಾಯಿತು, ಒಳ್ಳೆಯದೇ ಆಯಿತು ಅಂದರು.

ವಾರಕ್ಕೆ ನಾಲ್ಕು ದಿನ, ಹತ್ತರಿಂದ ಹನ್ನೆರಡು. ಆಮೇಲೆ ಊಟ. ಪಂಕಜಾ ಮೀನು, ಮಾಂಸ ತಿನ್ನುವವಳಲ್ಲ ಎಂದು ಫೆಲಿ ಆಂಟಿ ಹೆಸರುಕಾಳಿಗೆ ನುಗ್ಗೆಸೊಪ್ಪು ಹಾಕಿ, ಒಣಸೀಗಡಿ ಬಿಟ್ಟು ಬೇಯಿಸುತ್ತಿದ್ದರು. ಸೀಗಡಿ ಇಲ್ಲದ ಸಾರು ಸಪ್ಪೆಯೆಂದು ಪ್ರತಿ ಸಲ ದೂರುವುದೂ ಇತ್ತು. ಈ ನಡುವೆ ಪಂಕಜಾಗೆ ಗೊತ್ತಾಗದಂತೆ ಭಾಷೆ ಒಳಗೆ ಇಳಿಯುತ್ತಿತ್ತು. 2011ರಲ್ಲಿ ಒಂದು ದಿನ ಅವಳು ಪೆನ್ಸಿಲ್ ಎತ್ತಿ ಹಿಡಿದು ಕೇಳಿದಳು: "ಆಂಟಿ, ಸೂಲಗಿತ್ತಿ ಹ್ವಾದ ಅಧ್ಯಾಯದಾಗ ದೋಣಿ ಮಾರಿದ್ಲಲ್ಲ? ಈಗ ಅದ್ರಾಗ ಹೆಂಗ ಕುಂತ್ಲು?"

ಫೆಲಿ ಆಂಟಿ ಬಹಳ ಹೊತ್ತು ನಕ್ಕರು. "ಇವತ್ತಿನಿಂದ ನೀ ಬರಿಯಾಕಿ ಅಲ್ಲ, ಓದಾಕಿ," ಅಂದರು.

2013ರ ಬೇಸಿಗೆಯಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಕೊನೆಯ ಅಧ್ಯಾಯ ಬಾಕಿ ಇತ್ತು. ಐದು ತಿಂಗಳು ಮಾತೇ ಇಲ್ಲ. ಪಂಕಜಾ ದಿನವೂ ಹೋಗಿ, ಹಳೆಯ ನೋಟ್‌ಬುಕ್ಕುಗಳಿಂದ ಓದುತ್ತಿದ್ದಳು. ಬೇಕೆಂದೇ ತಪ್ಪು ಓದಿದರೆ ಮುದುಕಿ ಎಡಗೈಯಿಂದ ಮಂಚ ಕುಟ್ಟುತ್ತಿದ್ದರು. ಡಿಸೆಂಬರಿನಲ್ಲಿ, ಹಾಗೆ ಕುಟ್ಟುತ್ತ ಕುಟ್ಟುತ್ತ, ಸರಿಯಾದ ಪದ ಬಾಯಿಂದ ಬಂದುಬಿಟ್ಟಿತು.

ಮಾತು ಮರಳಿದ ಮೇಲೆ ಜಗಳವಾಯಿತು. ಕಥೆಯಲ್ಲಿ ಸೂಲಗಿತ್ತಿಯ ಮಗಳನ್ನು ಸೈನಿಕರು ಒಯ್ದಿದ್ದಾರೆ. ಫೆಲಿ ಆಂಟಿ ಹೇಳಿದ ಕೊನೆಯಲ್ಲಿ ಮಗಳು ಮರಳಿನ ಮೇಲೆ ಓಡಿಬರುತ್ತಾಳೆ. ಪಂಕಜಾ ಬರೆಯಲಿಲ್ಲ.

"ಇದು ನಿರ್ಮಾಪಕರ ಕೊನಿ ಆತಲ್ರಿ ಆಂಟಿ."

"ಹಂಗಾರ ನೀ ಹೇಳು. ತಾಯಿ ಏನ ಮಾಡ್ತಾಳ? ಅಳಬೇಕೇನು?"

ಪಂಕಜಾ ಪೆನ್ಸಿಲ್ ಕೆಳಗಿಟ್ಟು ಹೇಳಿದಳು: "ನಾ ಆರು ವರ್ಷ ಕೋರ್ಟಿನ್ಯಾಗ ಕುಂತೀನ್ರಿ. ಮಕ್ಕಳನ್ನ ಕಳಕೊಂಡ ಅವ್ವಗೋಳು ಅಲ್ಲಿ ಅಳೂದಿಲ್ಲ. ಮುಂದಿನ ತಾರೀಖು ಯಾವಾಗ ಅಂತ ಕೇಳ್ತಾರ. ಆ ತಾರೀಖಿಗೆ ಬರ್ತಾರ. ಮತ್ತ ಕೇಳ್ತಾರ."

ಫೆಲಿ ಆಂಟಿ ಅವತ್ತಿನ ಬರವಣಿಗೆಯನ್ನು ಅಲ್ಲಿಗೇ ನಿಲ್ಲಿಸಿದರು. ಎರಡು ವಾರದ ನಂತರ, ಒಂದೊಂದೇ ಪದ ಹೆಕ್ಕಿ ಜೋಡಿಸುತ್ತ, ಹೊಸ ಕೊನೆ ಹೇಳಿ ಬರೆಸಿದರು. ಸೂಲಗಿತ್ತಿ ಶಿಬಿರದ ಬಾಗಿಲಲ್ಲಿ ನಿಂತು ಕಾವಲಿನವನನ್ನು ಕೇಳುತ್ತಾಳೆ, ಮತ್ತೆ ಯಾವತ್ತು ಬರಲಿ?

ಮನಿಲಾದಲ್ಲಿ 2016ರಲ್ಲಿ ಪುಸ್ತಕ ಬಂತು. ಆ ಶರತ್ಕಾಲ ಲಾಸ್ ಏಂಜಲೀಸಿನ ಫಿಲಿಪಿನೋ ಬಡಾವಣೆಯ ಸಭಾಂಗಣವೊಂದರಲ್ಲಿ ಮಾರಿಸೋಲ್ ಒಂದು ಕಾರ್ಯಕ್ರಮ ಏರ್ಪಡಿಸಿದಳು. ಜಯದೇವ ಎಲ್ಲರನ್ನೂ ಡ್ರೈವ್ ಮಾಡಿಕೊಂಡು ಹೋದ. ಇನ್ನೂರು ಜನ. ಗಾಲಿಕುರ್ಚಿಯಲ್ಲಿದ್ದ ಫೆಲಿ ಆಂಟಿ ಅಚ್ಚಾದ ಪುಸ್ತಕ ಬೇಡವೆಂದು, ನೋಟ್‌ಬುಕ್ಕಿನಿಂದಲೇ ಓದೆಂದು ಪಂಕಜಾಳನ್ನು ವೇದಿಕೆಗೆ ಕಳಿಸಿದರು. ಮೊದಲ ಅಧ್ಯಾಯ ಓದುವಷ್ಟು ಹೊತ್ತೂ ಪಂಕಜಾಳ ಕಣ್ಣು ಕನ್ನಡ ಅಕ್ಷರ ಬಿಟ್ಟು ಕದಲಲಿಲ್ಲ. ಓದು ಮುಗಿದ ಮೇಲೆ ಒಬ್ಬ ಅಜ್ಜ ಬಂದು, ನೀನು ನಮ್ಮ ಯಾವ ದ್ವೀಪದವಳು, ಉಚ್ಚಾರಣೆ ಗುರುತು ಸಿಗುತ್ತಿಲ್ಲ ಎಂದು ಕೇಳಿದ. ರಾಣೆಬೆನ್ನೂರು ಅಂದಳು. ದಕ್ಷಿಣದ ಕಡೆ ಇರಬೇಕು ಎಂದು ಅವನು ತಲೆಯಾಡಿಸಿದ.

ಅಷ್ಟರಲ್ಲಿ ಡಿಪೆಂಡೆಂಟ್ ವೀಸಾದ ಅವಳಂಥವರಿಗೆ ಕೆಲಸ ಮಾಡುವ ಪರ್ಮಿಟ್ ಸಿಗತೊಡಗಿತ್ತು. ಪಂಕಜಾ ಅಪ್ಲೈ ಮಾಡಿದಳು. ಬೆರಳಲ್ಲಿ ಒತ್ತುವ ಸ್ಟೆನೋ ಯಂತ್ರದ ಕೋರ್ಸಿಗೆ ಸೇರಿ, ಎರಡು ಸಲ ನಪಾಸಾಗಿ, ಮೂರನೇ ಸಲ ಪಾಸಾದಳು. ಎಂಬತ್ತಾರರ ಫೆಲಿ ಆಂಟಿ ಈಗ ಬೆಳಿಗ್ಗೆಯ ಹೊತ್ತು ಮಾರಿಸೋಲಳ ಪುಟ್ಟ ಮಗಳಿಗೆ ಕಥೆ ಹೇಳುತ್ತಾರೆ, ಅದು ಅರ್ಧಕ್ಕೇ ನಿದ್ದೆ ಹೋಗುತ್ತದೆಂದು ಬೈಯುತ್ತಾರೆ.

2019ರ ಜನವರಿಯಲ್ಲಿ ಸ್ಯಾನ್ ಡಿಯಾಗೊದ ಒಂದು ಕಾಲೇಜಿನಲ್ಲಿ ಪಂಕಜಾಗೆ ಕೆಲಸ ಸಿಕ್ಕಿತು. ಕಿವಿ ಕೇಳದ ವಿದ್ಯಾರ್ಥಿಗಳ ಪಕ್ಕ ಕೂತು, ಪಾಠ ನಡೆಯುತ್ತಿದ್ದಂತೆಯೇ ಅದನ್ನು ಅಕ್ಷರ ಮಾಡಿ ಅವರ ಪರದೆಯ ಮೇಲೆ ಮೂಡಿಸುವ ಕೆಲಸ. ಮೊದಲ ದಿನ ಪಕ್ಕದಲ್ಲಿದ್ದವಳು ಹತ್ತೊಂಬತ್ತರ ಒಬ್ಬ ಹುಡುಗಿ. ಭೂಗರ್ಭಶಾಸ್ತ್ರದ ಮೇಷ್ಟ್ರು ಪಾಠದ ನಡುವೆ ಏನೋ ತಮಾಷೆ ಹೇಳಿದರು. ಪಂಕಜಾಳ ಬೆರಳು ಓಡಿತು. ತರಗತಿ ನಕ್ಕಿತು, ಹುಡುಗಿಯೂ ಅವರ ಜೊತೆಗೇ ನಕ್ಕಳು.