ಕಡೇ ನಿಕಾಲಿಗೆ ಕಾಯಬ್ಯಾಡ್ರಿ

“ಕಡೇ ನಿಕಾಲಿ ಇನ್ನೂ ಬಂದಿಲ್ಲಂತಲ್ರಿ ಕಾಕಾ, ಈಗ್ಯಾಕ ಅಪೀಲು? ಓಣ್ಯಾಗ ಎಲ್ಲಾರೂ ತಡೀ ಅನ್ನಾಕತ್ತಾರ” ಅನ್ನುತ್ತಾಳೆ ರೇಣವ್ವ.

ಹುಬ್ಬಳ್ಳಿ ಕೋರ್ಟಿನ ಗೇಟು ಇನ್ನೂ ತೆರೆದಿಲ್ಲ. ಎದುರಿನ ಬೇವಿನ ಮರದಡಿ ಅರ್ಜಿ ಬರೆಯುವ ಮಕಬೂಲಸಾಬರು ಮಾತ್ರ ಬೆಳಕು ಹರಿಯುವಾಗಲೇ ಕೂರುವ ಬಾಕು ಹಾಕಿ, ಮಸಿ ಕಲಸಿ ಕೂತಿದ್ದಾರೆ. ರೇಣವ್ವ ತಂದ ತೀರ್ಪಿನ ನಕಲನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಾರೆ. ಗೋಕುಲ ರಸ್ತೆಯ ಜಾಗ ಅಪ್ಪನ ಸ್ವಂತ ಗಳಿಕೆ, ತಮ್ಮ ನೀಲಪ್ಪನಷ್ಟೇ ತನಗೂ ಅರ್ಧ ಬರಬೇಕು ಎಂಬುದು ಅವಳ ವಾದ. ಕೋರ್ಟು ಅದನ್ನು ಮನೆತನದ ಆಸ್ತಿ ಎಂದು ಹಿಡಿದು ಕೊಟ್ಟಿರುವುದು ನಾಲ್ಕರಲ್ಲಿ ಒಂದು ಪಾಲು. ಜಾಗ ಅಳೆದು ಹಂಚಿದ ಮೇಲೆ ಇನ್ನೊಂದು ಡಿಕ್ರಿ ಬರಲಿದೆ; ಓಣಿಯವರು ಕಡೇ ನಿಕಾಲಿ ಅನ್ನುವುದು ಆ ಕೊನೆಯ ತೀರ್ಪಿಗೆ.

“ನಿನಗ ಎಷ್ಟು ಅನ್ನೂದು ಮುಗದೈತಿ ಯವ್ವಾ. ಬೇಲಿ ಎಲ್ಲಿ ಹಾಕೂದು ಅನ್ನೂದಷ್ಟ ಉಳದೈತಿ. ಪಾಲು ಒಪ್ಪಿಗಿ ಇಲ್ಲಂದ್ರ ಈಗ ಹೇಳಬೇಕು. ಬೇಲಿ ಹಾಕಿದ ಮ್ಯಾಲ ಹೇಳಿದ್ರ, ಆವಾಗ ಯಾಕ ಸುಮ್ಮಿದ್ದಿ ಅಂತಾರ. ಇರೂದು ಮೂವತ್ತು ದಿನಾ. ನಕಲಿಗೆ ಹಿಡದ ದಿನಾ ಬಿಟ್ಟು ಎಣಿಸಿದ್ರೂ ಇನ್ನ ಎರಡ ಉಳದಾವ. ನಿಮ್ಮ ವಕೀಲರೆಲ್ಲಿ?”

“ಹಾಸಿಗಿ ಹಿಡದಾರ್ರಿ.”

“ಹಂಗಾರ ರಮಾಕಾಂತ ವಕೀಲರ ಮನೀಗೆ ನಡಿ, ಲಗೂ!”

ಅಪೀಲು ಬರೆಯುವುದು ವಕೀಲರ ಕೆಲಸ. ದಿನ ಎಣಿಸಿ ಎಬ್ಬಿಸಿ ಕಳಿಸುವುದು ಇವರದು. ಹಳೇ ಹುಬ್ಬಳ್ಳಿಯ ಮಕಬೂಲಸಾಬರು ಓದಿದ್ದು ಏಳನೇ ಇಯತ್ತೆ. ಕಾಯ್ದೆ ಕಲಿತದ್ದು ಕಾಗದ ನಕಲು ಮಾಡುತ್ತ ಮಾಡುತ್ತ. ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಇಲ್ಲಿ ಬಂದು ಕೂತವರು, ಈಗ ಇಪ್ಪತ್ತೆರಡು ವರ್ಷವಾಯಿತು. ದಿನಕ್ಕೆ ಹತ್ತು ಹನ್ನೆರಡು ಅರ್ಜಿ, ವಾರಕ್ಕೊಂದು ನಿಬ್ಬು.

ಹೊಸದರಲ್ಲಿ ತಾರಾಬಾಯಿ ಎಂಬುವರಿಗೆ ತಾವೇ ‘ಕಡೇದು ಬರಲಿ, ತಡೀರಿ’ ಅಂದಿದ್ದರು. ಕಡೆಯದು ಬಂದಾಗ ಪಾಲಿನ ಮಾತೆತ್ತಲು ಹಾದಿಯೇ ಇರಲಿಲ್ಲ. “ಆ ಬಾಯಾರು ಒಂದು ಮಾತು ಬೈಲಿಲ್ರಿ. ಬೈದಿದ್ರ ಛಲೋ ಇತ್ತು” ಎಂದು ಈಗಲೂ ನೆನೆಯುತ್ತಾರೆ.

ಅತ್ತ ಹುಚ್ಚಪ್ಪನಂಥವರೂ ಇದ್ದಾರೆ. ತಾರೀಖು ಮುಂದೆ ಹೋದರೂ ಅವನಿಗೆ ಅಪೀಲು ಬೇಕು. “ತಾರೀಖಿಗೆ ಅಪೀಲಿಲ್ಲೋ ಮಾರಾಯಾ, ಜಜ್ಜ ಸಾಹೇಬ್ರಿಗೆ ಜ್ವರಾ ಬಂದಿತ್ತು!” ಅಂದರೆ, “ಹಂಗಾರ ಜ್ವರದ ಮ್ಯಾಲ ಬರೀರಿ” ಅನ್ನುತ್ತಾನೆ. ಮರದಡಿ ಇದ್ದವರೆಲ್ಲ ಹೊಟ್ಟೆ ಹಿಡಿದು ನಗುತ್ತಾರೆ.

ಮೂರನೇ ದಿನ ರೇಣವ್ವ ದೂರದಿಂದಲೇ ಕೂಗುತ್ತ ಬರುತ್ತಾಳೆ: “ಕಾಕಾ, ನಿನ್ನೇನ ಧಾರವಾಡದಾಗ ಅಪೀಲು ತಗೊಂಡ್ರು! ನಂಬರು ಬಿತ್ತು!”

“ಗೆದ್ದಂಗ ಅಲ್ಲ ಯವ್ವಾ ಅದು.”

“ಗೊತ್ತೈತ್ರಿ. ಕೇಳಾಕರ ಕೇಳತಾರಲ್ಲ!”

ಮಕಬೂಲಸಾಬರ ಮುಖ ಅರಳುತ್ತದೆ. “ನನ್ನ ಬಾಕಿನಿಂದ ಎದ್ದು ಹೋದವರ ದಿನಾ ತಪ್ಪಬಾರದು ಯವ್ವಾ. ಅಷ್ಟಾದ್ರ ಸಾಕು.”

ಅಷ್ಟರಲ್ಲಿ ನೀಲಪ್ಪ ಸೈಕಲ್ಲು ತಂದು ನಿಲ್ಲಿಸುತ್ತಾನೆ. “ಅಪೀಲು ಹಾಕಿದ್ಯಂತಲ್ಲಕ್ಕಾ?”

“ಹೂಂನಪಾ, ಹಾಕೇನಿ.”

“ಆತು, ಅದನ್ನ ಅಲ್ಲೇ ನೋಡೂಣು. ಈಗ ಸೈಕಲ್ಲು ಹತ್ತು, ಬಿಸಲಾಗ ನಡೀಬ್ಯಾಡ.”

ರೇಣವ್ವ ಸೆರಗು ಸೊಂಟಕ್ಕೆ ಸಿಗಿಸಿ ಹಿಂದೆ ಕೂರುತ್ತಾಳೆ. ಸೈಕಲ್ಲು ಒಮ್ಮೆ ಓಲಾಡಿ, ನೆಟ್ಟಗಾಗಿ, ಅಕ್ಕ ತಮ್ಮ ಇಬ್ಬರನ್ನೂ ಹೊತ್ತು ಮನೆಯ ಕಡೆ ತಿರುಗುತ್ತದೆ.